ಮುಂಬಯಿಯ ದುಂಡುಮೂಲೆಯ ಮನೆಗಳು

ಕಳೆದ ಮಾಘಮಾಸದಲ್ಲಿ ನಾವು ಮುಂಬಯಿಗೆ ಹೋಗಬೇಕಾಗಿ ಬಂದಿತು. ಊರು ನೋಡುವ ಹವ್ಯಾಸದಿಂದ ಹೋದುದಲ್ಲ. ಮಾಟುಂಗದಲ್ಲಿರುವ ನಮ್ಮ ಸೋದರಮಾವನವರು ಎಂಬತ್ತನ್ನು ಸಮೀಪಿಸಿದವರು. ಅವರು ಹುಟ್ಟಿ ಬೆಳೆದ ಕಟ್ಟಡವನ್ನು ಕೆಡವಿ ಅದೇ ನೆಲದಲ್ಲಿ ಬಹು ಅಂತಸ್ತುಗಳ ಹೊಸ ಕಟ್ಟಡವನ್ನೆಬ್ಬಿಸುವುದೆಂದು ಒಪ್ಪಂದವಾಗಿದ್ದಿತು. ತಿಂಗಳೊಳಗಾಗಿ ಮನೆಯನ್ನು ತೆರವು ಮಾಡಬೇಕು. ಎರಡು ತಲೆಮಾರಿನ ಸಾಮಾನನ್ನು ವಿಂಗಡಿಸುವುದು ಮುದುಕರಿಬ್ಬರಿಂದ ಆಗುವ ಕೆಲಸವಲ್ಲವೆಂದು ಮಾಮಿಯವರು ಫೋನಿನಲ್ಲಿ ತಿಳಿಸಿದುದರಿಂದ, ನಾವೂ ನಮ್ಮ ಮನೆಯವರೂ ಧಾರವಾಡದಲ್ಲಿ ರೈಲು ಹತ್ತಿ ದಾದರದಲ್ಲಿ ಇಳಿದೆವು.

ಪಾತ್ರೆಪಗಡೆ, ಹಾಸಿಗೆ, ಪುಸ್ತಕ ಇವುಗಳ ವಿಲೇವಾರಿ ಎರಡು ದಿನಗಳಲ್ಲಿ ಮುಗಿಯಿತು. ತೊಡಕಾದುದು ಒಂದು ಕಪಾಟಿನ ವಿಷಯದಲ್ಲಿ. ಆಳೆತ್ತರಕ್ಕಿಂತ ಒಂದು ಗೇಣು ಮಿಗಿಲಾದ, ಎರಡು ಬಾಗಿಲುಗಳ ಸಾಗವಾನಿ ಕಪಾಟು ಅದು. ಅದರ ಎರಡೂ ಮುಂಮೂಲೆಗಳು ಚೂಪಾಗಿರದೆ ಕೊಡದ ಹೆಗಲಿನಂತೆ ದುಂಡಗಿದ್ದವು. ನಡುವೆ ನಿಲುಗನ್ನಡಿ, ಕನ್ನಡಿಯ ಮೇಲ್ಗಡೆ ಉದಯಸೂರ್ಯನ ಕಿರಣಗಳಂತೆ ಬಿಚ್ಚಿಕೊಂಡ ಐದು ಗೆರೆಗಳು, ತಳದಲ್ಲಿ ಬೀಟೆಯ ಮರದ ಮೂರು ಕಪ್ಪು ಪಟ್ಟಿಗಳು. ಇಷ್ಟೇ ಅದರ ಅಲಂಕಾರ. ಮಾವನವರ ತಂದೆ, ಹತ್ತಿಯ ಪೇಟೆಯಲ್ಲಿ ಲೆಕ್ಕ ಬರೆಯುತ್ತಿದ್ದವರು, 1941ರಲ್ಲಿ ತಮ್ಮ ಲಗ್ನವಾದಾಗ ಅದನ್ನು ಮಾಡಿಸಿದ್ದರಂತೆ.

“ಹೊಸಾ ಕಟ್ಟಡ ಮುಗಿಯೂತನಕಾ ಬಾಡಿಗಿ ಮನ್ಯಾಗ ಇರಬೇಕು. ಅಲ್ಲಿ ಬಾಗಲದಾಗನ ಇದು ಹೋಗಂಗಿಲ್ಲ” ಎಂದರು ಮಾವನವರು.

“ಚೋರ ಬಜಾರದವ ನಾಡದು ಬರತೇನಿ ಅಂದಾನ. ಕೊಟ್ಟುಬಿಡೂದ ಛಲೋ. ಆದರ ಮನಸ್ಸ ಬರವೊಲ್ದು” ಎಂದರು ಮಾಮಿ.

ನಾವು ಏನೂ ಹೇಳಲಾರದೆ ಕಪಾಟನ್ನೇ ನೋಡುತ್ತ ನಿಂತೆವು. ಆಗ ಮಾವನವರು, “ನಾಳೆ ನಿಮಗ ಕೆಲಸಿಲ್ಲ. ಓವಲ್ ಮೈದಾನಕ್ಕ ಹೋಗಿ ಬರ್ರಿ. ಈ ಕಪಾಟ ಯಾವ ಮನಿತನದ್ದು ಅನ್ನೂದು ಅಲ್ಲಿ ತಿಳೀತದ” ಎಂದರು. ಅವರ ಮಾತಿನಂತೆ ಮರುದಿನ ಬೆಳಿಗ್ಗೆ ಹೊರಟೆವು.

ಮುಂಬಯಿಯ ಓವಲ್ ಮೈದಾನವು ದಕ್ಷಿಣೋತ್ತರವಾಗಿ ಚಾಚಿಕೊಂಡ ಹಸುರು ಬಯಲು. ಅದರ ಪೂರ್ವಕ್ಕೆ ಮುಖಮಾಡಿ ನಿಂತರೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ ಇವು ಸಾಲಾಗಿ ಕಾಣುವುವು. ಹೈಕೋರ್ಟೂ ಗೋಪುರವೂ 1878ರಲ್ಲಿ ಪೂರ್ಣಗೊಂಡವುಗಳು. ಚೂಪಾದ ಕಮಾನು, ಶಿಖರ, ಕೆತ್ತಿದ ಕಲ್ಲಿನ ಮೃಗಪಕ್ಷಿಗಳು, ಎಲ್ಲವೂ ಇಂಗ್ಲೆಂಡಿನ ಗಾಥಿಕ್ ಮಾದರಿಯವು. ನಮ್ಮ ಕಡೆಯ ಹಿರಿಯರಿಗೆ ಈ ನ್ಯಾಯಾಲಯವು ಅಪರಿಚಿತವಲ್ಲ. 1956ರಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರುವವರೆಗೂ ಅಲ್ಲಿಯ ವ್ಯಾಜ್ಯಗಳ ಮೇಲ್ಮನವಿಗಳು ಇಲ್ಲಿಗೇ ಬರುತ್ತಿದ್ದವು. ಹೊಲದ ಬದುವಿಗಾಗಿ ಹೊಡೆದಾಡಿದ ಎಷ್ಟು ಮಂದಿ ಗೌಡರು, ದೇಸಾಯರು ಕಾಗದದ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಈ ಮೆಟ್ಟಿಲುಗಳನ್ನು ಹತ್ತಿರಬೇಕು!

ಅದೇ ಮನುಷ್ಯನು ಮೆಟ್ಟಿಲಿಳಿದು ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ಬೇರೊಂದು ಲೋಕವೇ ಕಾಣುವುದು. ಅಲ್ಲಿ ಶಿಖರಗಳಿಲ್ಲ, ಕಲ್ಲಿನ ಮೃಗಗಳಿಲ್ಲ. ಒಂದೇ ಎತ್ತರದ ವಸತಿಯ ಕಟ್ಟಡಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಕೆನೆ, ತಿಳಿಹಳದಿ, ನಸುಗೆಂಪು ಬಣ್ಣಗಳು. ಮುಂಬಯಿಯವರು ಗ್ಯಾಲರಿಯೆಂದು ಕರೆಯುವ ಬಾಲ್ಕನಿಗಳು ಮೂಲೆಯಲ್ಲಿ ದುಂಡಗೆ ತಿರುಗಿಕೊಂಡಿವೆ. ಕಿಟಕಿಗಳ ಮೇಲೆ ಕಟ್ಟಡದ ಸುತ್ತ ಪಟ್ಟಿ ಸುತ್ತಿದಂತೆ ಸಜ್ಜಗಳು. ಅವನ್ನು ಕಟ್ಟಡದ ಹುಬ್ಬುಗಳೆಂದೇ ವಾಸ್ತುಶಿಲ್ಪಿಗಳು ಕರೆಯುತ್ತಾರೆ. ಕೆಲವು ಕಟ್ಟಡಗಳಿಗೆ ಹಡಗಿನ ಕಟಾಂಜನದಂತಹ ಕಂಬಿಗಳೂ ದುಂಡುಕಿಟಕಿಗಳೂ ಉಂಟು. ಬಾಗಿಲ ಜಾಲರಿಗಳಲ್ಲಿ ಸೂರ್ಯಕಿರಣ, ಕಾರಂಜಿ, ಅಲೆ, ಕಮಲ ಇವುಗಳ ಆಕೃತಿಗಳು. ನಮ್ಮ ಮನೆಯವರು ಒಂದು ಬಾಗಿಲ ಮುಂದೆ ನಿಂತು, “ನೋಡಿದ್ರೇನು? ಮಾಮಾನ ಕಪಾಟಿನ ಮ್ಯಾಲಿನ ಐದು ಗೆರಿ ಇಲ್ಲೇ ಅವ” ಎಂದರು. ನಿಜವಾಗಿಯೂ ಅದೇ ಕಿರಣಗಳು. ಕಬ್ಬಿಣದಲ್ಲಿದ್ದವು ಎಂಬುದೊಂದೇ ವ್ಯತ್ಯಾಸ.

ಈ ಶೈಲಿಗೆ ಇಂದು ಆರ್ಟ್ ಡೆಕೊ ಎಂದು ಹೆಸರು. 1925ರ ಏಪ್ರಿಲಿನಿಂದ ಅಕ್ಟೋಬರದವರೆಗೆ ಪ್ಯಾರಿಸಿನಲ್ಲಿ ಅಲಂಕಾರ ಕಲೆಗಳ ಮಹಾಪ್ರದರ್ಶನವೊಂದು ನಡೆಯಿತು. ಹಳೆಯ ಶೈಲಿಗಳ ಅನುಕರಣಕ್ಕೆ ಅಲ್ಲಿ ಪ್ರವೇಶವಿಲ್ಲವೆಂಬುದು ನಿಯಮ. ಆ ಪ್ರದರ್ಶನದ ಫ್ರೆಂಚ್ ಹೆಸರಿನಿಂದಲೇ ಈ ಹೆಸರು ಹುಟ್ಟಿತು. ಆದರೆ ಅದು ಜನರ ಬಾಯಿಗೆ ಬಂದುದು ಬಹು ತಡವಾಗಿ, 1968ರಲ್ಲಿ ಬೆವಿಸ್ ಹಿಲಿಯರ್ ಎಂಬ ಆಂಗ್ಲ ಲೇಖಕನು ಆ ಹೆಸರಿನ ಪುಸ್ತಕವನ್ನು ಬರೆದ ಮೇಲೆ. ಓವಲ್ಲಿನ ಮನೆಗಳನ್ನು ಕಟ್ಟಿದವರಾಗಲಿ, ಮಾವನವರ ತಂದೆಯವರ ಬಡಗಿಯಾಗಲಿ ಆ ಮಾತನ್ನು ಕೇಳಿದವರಲ್ಲ. ಅವರ ಪಾಲಿಗೆ ಅದು ಕೇವಲ ‘ಹೊಸ ಮಾದರಿ’.

ಪ್ಯಾರಿಸಿನಲ್ಲಿ ಅದು ಸಿರಿವಂತರ ಸೊತ್ತಾಗಿತ್ತು. ಆ ಪ್ರದರ್ಶನದಲ್ಲಿ ರುಲ್‌ಮನ್ ಎಂಬ ಪೀಠೋಪಕರಣ ಶಿಲ್ಪಿಯು ಕಲಾಸಂಗ್ರಾಹಕನೊಬ್ಬನ ಮನೆಯೆಂಬ ಭಾವನೆಯಿಂದ ಒಂದು ಮಂಟಪವನ್ನು ಸಜ್ಜುಗೊಳಿಸಿದ್ದನು. ಮಕಾಸರದ ಕರಿಮರ, ದಂತದ ಎಳೆ, ಅರಗಿನ ಮೆರುಗು ಇವುಗಳಿಂದಾದ ಅವನ ಮೇಜು ಕುರ್ಚಿಗಳನ್ನು ಕೊಳ್ಳಲು ಸಾಮಾನ್ಯರಿಗೆ ಸಾಧ್ಯವಿರಲಿಲ್ಲ. ನಮ್ಮ ದೇಶಕ್ಕೂ ಮೊದಲು ಅರಸರು ಅದನ್ನು ತಂದರು. ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರರು 1930ರ ದಶಕದ ಆದಿಯಲ್ಲಿ ಜರ್ಮನಿಯ ಎಕಾರ್ಟ್ ಮುಥೇಸಿಯಸ್ ಎಂಬ ಯುವಕನಿಂದ ಮಾಣಿಕ್ ಬಾಗ್ ಅರಮನೆಯನ್ನು ಕಟ್ಟಿಸಿ, ರುಲ್‌ಮನ್, ಐಲೀನ್ ಗ್ರೇ ಮೊದಲಾದವರ ಕೈಕೆಲಸದಿಂದ ತುಂಬಿಸಿದರು. ಆ ಸಾಮಾನಿನ ಬಹುಭಾಗವು 1980ರಲ್ಲಿ ಮೊನಾಕೋದಲ್ಲಿ ಹರಾಜಾಯಿತು. ಅರಮನೆಯು ಸರ್ಕಾರದ ತೆರಿಗೆ ಕಚೇರಿಯಾಯಿತು. ಜೋಧಪುರದ ಉಮೇದ್ ಭವನದ ಕಥೆ ಇನ್ನೂ ವಿಚಿತ್ರ. ಬರಗಾಲದಲ್ಲಿ ಜನರಿಗೆ ಕೂಲಿ ದೊರೆಯಲೆಂದು 1929ರಲ್ಲಿ ಆರಂಭವಾದ ಆ ಅರಮನೆಗಾಗಿ ಲಂಡನ್ನಿನಲ್ಲಿ ಮಾಡಿಸಿದ ಪೀಠೋಪಕರಣಗಳು ಮಹಾಯುದ್ಧದಲ್ಲಿ, 1942ರಲ್ಲಿ, ಹಡಗಿನೊಡನೆ ಸಮುದ್ರದ ಪಾಲಾದವು. ಪೋಲಂಡಿನಿಂದ ನಿರಾಶ್ರಿತನಾಗಿ ಬಂದಿದ್ದ ಸ್ಟೆಫಾನ್ ನಾರ್ಬ್ಲಿನ್ ಎಂಬ ಚಿತ್ರಕಾರನು ಹೊಸದಾಗಿ ನಕ್ಷೆ ಬರೆದು, ಎಲ್ಲವನ್ನೂ ಇಲ್ಲಿಯೇ ಮಾಡಿಸಿದನು.

ಅರಸರ ವಿಷಯ ಅಷ್ಟಿರಲಿ. ಈ ಶೈಲಿಯು ಅರಮನೆಗಳಲ್ಲಿಯೇ ಉಳಿದಿದ್ದರೆ ನಾವು ಅದರ ಬಗೆಗೆ ಬರೆಯುವ ಕಾರಣವಿರಲಿಲ್ಲ. ಮುಂಬಯಿಯಲ್ಲಿ ಅದು ಲೆಕ್ಕಬರೆಯುವವನ ಮನೆಗೂ ಬಂದಿತು. ಹೇಗೆ ಬಂದಿತೆಂಬುದನ್ನು ತಿಳಿಯಲು ಓವಲ್ಲಿನಿಂದ ಹತ್ತು ನಿಮಿಷ ಪಶ್ಚಿಮಕ್ಕೆ ನಡೆದು ಮರೀನ್ ಡ್ರೈವ್ ಸೇರಬೇಕು.

ಅರ್ಧಚಂದ್ರಾಕಾರದ ಆ ಕಡಲದಂಡೆಯನ್ನು ಚಿತ್ರಗಳಲ್ಲಿ ಕಾಣದವರಿಲ್ಲ. ಆದರೆ ಅದರ ಹಿಂದಿನ ನೆಲವು ಕಡಲಿನಿಂದ ಕಸಿದುಕೊಂಡದ್ದೆಂಬುದು ಅನೇಕರಿಗೆ ತಿಳಿಯದು. ಬ್ಯಾಕ್ ಬೇ ಎಂಬ ಕೊಲ್ಲಿಯನ್ನು ತುಂಬುವ ಯೋಜನೆಯು 1920ರ ದಶಕದಲ್ಲಿ ನಡೆಯಿತು. ಅಂದಾಜು ಮೀರಿ ಖರ್ಚಾದುದರಿಂದ ಜನರು ಅದಕ್ಕೆ ಗವರ್ನರ್ ಲಾಯ್ಡರ ಹೆಸರಿನಲ್ಲಿ ‘ಲಾಯ್ಡನ ಮೂರ್ಖತನ’ವೆಂದು ಅಡ್ಡಹೆಸರಿಟ್ಟರು, ಕೆ. ಎಫ್. ನರಿಮನ್ನರು ಅದರ ಅವ್ಯವಹಾರಗಳನ್ನು ಬಯಲಿಗೆಳೆದು ಹೆಸರಾದರು. ಇಷ್ಟಾದರೂ ನೆಲವು ದೊರೆಯಿತು. ಆ ನೆಲದ ಮೇಲೆ ಮನೆ ಕಟ್ಟುವವರು ಎತ್ತರದಲ್ಲಿಯೂ ಸಾಲಿನಲ್ಲಿಯೂ ಒಂದೇ ಕಟ್ಟಳೆಯನ್ನು ಪಾಲಿಸಬೇಕೆಂದು ನಿಯಮವಾದುದರಿಂದ, ಇಂದಿಗೂ ಆ ದಂಡೆಯು ಒಬ್ಬನೇ ಬರೆದ ಗೆರೆಯಂತೆ ಕಾಣುತ್ತದೆ.

ಆ ಹೊತ್ತಿಗೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಬಳಕೆಗೆ ಬಂದಿತ್ತು. ಕಲ್ಲು ಇಟ್ಟಿಗೆಯ ಕಟ್ಟಡದಲ್ಲಿ ಗೋಡೆಯೇ ಭಾರವನ್ನು ಹೊರಬೇಕು. ಆದಕಾರಣ ಗೋಡೆ ದಪ್ಪ, ಕಿಟಕಿ ಚಿಕ್ಕದು. ಕಾಂಕ್ರೀಟಿನಲ್ಲಿ ಕಂಬ ತೊಲೆಗಳೇ ಭಾರ ಹೊರುವುದರಿಂದ ಗೋಡೆ ತೆಳ್ಳಗಾಗಬಹುದು, ಕಿಟಕಿ ಮೂಲೆಯವರೆಗೂ ಹರಡಬಹುದು, ಗ್ಯಾಲರಿಯು ಕೆಳಗೆ ಆಸರೆಯಿಲ್ಲದೆ ಗಾಳಿಯಲ್ಲಿ ಚಾಚಬಹುದು. ಅಚ್ಚಿನಲ್ಲಿ ಹೊಯ್ದ ಗೋಡೆಯನ್ನು ದುಂಡಗೆ ತಿರುಗಿಸುವುದಕ್ಕೆ ಕಲ್ಲುಕುಟಿಗನ ವರ್ಷಾವಧಿಯ ದುಡಿಮೆ ಬೇಡ. ಅಲಂಕಾರವು ಅಗ್ಗವಾಯಿತು, ಅಗ್ಗವಾದುದರಿಂದ ಮಧ್ಯಮವರ್ಗದ ಬಾಡಿಗೆದಾರನಿಗೂ ದಕ್ಕಿತು. ಚಾಳುಗಳಲ್ಲಿ ಸಾರ್ವಜನಿಕ ನಲ್ಲಿ, ಓಣಿಯ ಕೊನೆಯಲ್ಲಿ ಪಾಯಖಾನೆ ಇದ್ದ ಕಾಲದಲ್ಲಿ, ಅಡಿಗೆಮನೆ ಬಚ್ಚಲುಮನೆಗಳೆಲ್ಲ ಒಂದೇ ಬಾಗಿಲೊಳಗಿರುವ ಈ ಫ್ಲ್ಯಾಟುಗಳು ಗೃಹಿಣಿಯರಿಗೆ ಎಷ್ಟು ದೊಡ್ಡ ಬಿಡುಗಡೆಯಾಗಿ ತೋರಿರಬೇಕೆಂಬುದನ್ನು ನಮ್ಮ ವಾಚಕಿಯರು ನಾವು ಹೇಳದೆಯೇ ಊಹಿಸಬಲ್ಲರು.

ಕಟ್ಟಿದವರು ಹೆಚ್ಚಾಗಿ ನಮ್ಮವರೇ ಎಂಬುದು ಸಂತೋಷದ ಸಂಗತಿ. ಪೂರ್ವದಿಕ್ಕಿನ ಗಾಥಿಕ್ ಭವನಗಳು ಆಳುವವರ ನಕ್ಷೆಗಳು. ಪಶ್ಚಿಮದ ಮನೆಗಳಲ್ಲಿ ಬಹಳಷ್ಟು ಭಾರತೀಯ ವಾಸ್ತುಶಿಲ್ಪಿಗಳವು. ಚರ್ಚ್‌ಗೇಟ್ ರಸ್ತೆಯು ಕಡಲನ್ನು ಕೂಡುವ ಮೂಲೆಯಲ್ಲಿರುವ ಸೂನಾ ಮಹಲ್ 1937ರದು. ಅದರ ಶಿಲ್ಪಿ ಗಜಾನನ ಮ್ಹಾತ್ರೆ. ಓವಲ್ಲಿನ ಉತ್ತರದ ತುದಿಯಲ್ಲಿ, ಎರಡು ರೆಕ್ಕೆಗಳ ನಡುವೆ ಮೆಟ್ಟಿಲುಮೆಟ್ಟಿಲಾಗಿ ಏರುವ ದುಂಡುಗೋಪುರದ ಈರಾಸ್ ಚಿತ್ರಮಂದಿರವನ್ನು ಸೊರಾಬ್ಜಿ ಭೇದ್ವಾರರು ರೂಪಿಸಿದರು. 1938ರಲ್ಲಿ ತೆರೆದ ಅದು ಕೆಲವು ವರ್ಷ ಮುಚ್ಚಿದ್ದು, 2024ರಲ್ಲಿ ಮರಳಿ ಬಾಗಿಲು ತೆರೆಯಿತು. ಕೋಟೆಯ ಭಾಗದಲ್ಲಿ ಮಾಸ್ಟರ್, ಸಾಠೆ, ಭೂತಾ ಎಂಬ ಮೂವರ ಸಂಸ್ಥೆಯು 1936ರಲ್ಲಿ ಕಟ್ಟಿದ ನ್ಯೂ ಇಂಡಿಯಾ ವಿಮಾ ಭವನದ ಮುಖದ ಮೇಲೆ ಶಿಲ್ಪಿ ಪಾನ್ಸರೆಯವರು ಕೆತ್ತಿದ ದುಡಿಯುವ ಭಾರತೀಯರ ಎತ್ತರದ ವಿಗ್ರಹಗಳಿವೆ. ಶೈಲಿಯು ಪ್ಯಾರಿಸಿನಿಂದ ಬಂದರೂ ಅದರ ಮೈಮೇಲೆ ನಮ್ಮ ಜನರ ಮುಖಗಳು ಮೂಡಿದವು.

ಹೊಸ ಮನೆಗೆ ಹೊಸ ಸಾಮಾನು ಬೇಕಾಯಿತು. 1937ರಲ್ಲಿ ಭಾರತೀಯ ವಾಸ್ತುಶಿಲ್ಪಿಗಳ ಸಂಸ್ಥೆಯು ಮುಂಬಯಿಯ ಟೌನ್ ಹಾಲಿನಲ್ಲಿ ‘ಆದರ್ಶ ಗೃಹ’ವೆಂಬ ಪ್ರದರ್ಶನವನ್ನು ಏರ್ಪಡಿಸಿ, ಹೊಸ ಬಗೆಯ ಕೋಣೆಗಳನ್ನು ಸಜ್ಜುಗೊಳಿಸುವ ರೀತಿಯನ್ನು ಜನರಿಗೆ ತೋರಿಸಿತು. ಇಂಥ ಮಾದರಿಗಳನ್ನು ನೋಡಿ ಊರಿನ ಬಡಗಿಗಳು ಸಾಗವಾನಿಯಲ್ಲಿಯೂ ಬೀಟೆಯಲ್ಲಿಯೂ ಅವನ್ನೇ ಮಾಡಿಕೊಟ್ಟರು. ದುಂಡು ಕನ್ನಡಿಯ ಅಲಂಕಾರದ ಮೇಜು, ತೋಳು ಅಗಲವಾದ ಕುರ್ಚಿ, ಮೆಟ್ಟಿಲಾಕಾರದ ಗಾಜಿನ ಕಪಾಟು, ರೇಡಿಯೋ ಇಡುವ ಪೀಠ, ಎಲ್ಲವೂ ಮನೆಯ ಗೋಡೆಯ ಗೆರೆಗಳನ್ನೇ ಅನುಸರಿಸಿದವು. ಬಾಗಿಲ ಜಾಲರಿ, ಮೆಟ್ಟಿಲಿನ ಕೈಕಂಬಿ, ನೆಲದ ಮೊಸಾಯಿಕ್ಕು, ಕಪಾಟಿನ ತಲೆ, ಎಲ್ಲೆಡೆಯೂ ಅದೇ ಮೂರು ಪಟ್ಟಿ, ಅದೇ ಕಿರಣ. ಹೀಗೆ ಬೀದಿಯಿಂದ ಮಲಗುವ ಕೋಣೆಯವರೆಗೂ ಒಂದೇ ರಾಗವು ನಡೆಯುವುದರಿಂದ ಸಣ್ಣ ಮನೆಯೂ ಇಕ್ಕಟ್ಟೆನಿಸುವುದಿಲ್ಲ.

ನೂರು ವರ್ಷವಾದರೂ ಈ ವಿನ್ಯಾಸವು ಜನರಿಗೆ ಹಳಸಲಾಗದಿರುವುದೇಕೆ ಎಂದು ನಾವು ಕಡಲದಂಡೆಯ ಕಟ್ಟೆಯ ಮೇಲೆ ಕುಳಿತು ಆಲೋಚಿಸಿದೆವು. ನಮ್ಮ ಮನೆಯವರು ಕೊಟ್ಟ ಉತ್ತರವು ನಮ್ಮ ಉತ್ತರಕ್ಕಿಂತ ಮೇಲಾಗಿತ್ತು. ಮಾವನವರ ಕಪಾಟನ್ನು ಅವರು ಎರಡು ದಿನ ಒರೆಸಿದ್ದರು. ಕೆತ್ತನೆಯ ಸಂದುಗಳಿಲ್ಲವಾದುದರಿಂದ ಧೂಳು ಕೂಡುವುದಿಲ್ಲ. ಓಡಾಡುವ ಮಕ್ಕಳಿಗೆ ತಾಗುವ ಮೂಲೆಯಿಲ್ಲ. ಇಕ್ಕಟ್ಟಾದ ಕೋಣೆಯಲ್ಲಿ ಸುಳಿದಾಡುವಾಗ ಸೆರಗು ಸಿಕ್ಕಿಕೊಳ್ಳುವುದಿಲ್ಲ. ನಿಲುಗನ್ನಡಿಯು ಕಿಟಕಿಯ ಬೆಳಕನ್ನು ಕೋಣೆಯ ಒಳಮೂಲೆಗೆ ಹಾಯಿಸುತ್ತದೆ. ಹೀಗೆ ಒಂದೊಂದು ಅಂದಕ್ಕೂ ಮನೆವಾರ್ತೆಯ ಒಂದೊಂದು ಕಾರಣವಿತ್ತು. ನಾವು ಕೇವಲ ಗೆರೆಗಳ ಸೊಗಸನ್ನು ಕಂಡಿದ್ದೆವು.

ಓವಲ್ ಮತ್ತು ಮರೀನ್ ಡ್ರೈವಿನ ಭಾಗ್ಯ ದೊಡ್ಡದು. 2018ರಲ್ಲಿ ಯುನೆಸ್ಕೋ ಸಂಸ್ಥೆಯು ಮೈದಾನದ ಎರಡೂ ಬದಿಯ ಗಾಥಿಕ್ ಹಾಗೂ ಆರ್ಟ್ ಡೆಕೊ ಕಟ್ಟಡಗಳನ್ನು, ಒಟ್ಟು 94ನ್ನು, ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ದಾದರ, ಮಾಟುಂಗಗಳ ಓಣಿಗಳಲ್ಲಿ ಇದೇ ಶೈಲಿಯ ಎಷ್ಟೋ ಮನೆಗಳಿವೆ. ಅವು ಆ ಪಟ್ಟಿಯ ಹೊರಗಿನವು. ಮಾವನವರ ಕಟ್ಟಡವು ಅಂಥದೊಂದು. ಅಂದು ಸಂಜೆ ಹಿಂದಿರುಗಿದಾಗ ನಾವು ಮೊದಲಬಾರಿಗೆ ಅದರ ಎದುರಿನ ಕಾಲುದಾರಿಯಲ್ಲಿ ನಿಂತು ತಲೆಯೆತ್ತಿ ನೋಡಿದೆವು. ದುಂಡು ಗ್ಯಾಲರಿ, ಕಿಟಕಿಯ ಹುಬ್ಬು, ಮೆಟ್ಟಿಲಮನೆಯ ಉದ್ದನೆಯ ಗಾಜಿನ ಪಟ್ಟಿ, ಎಲ್ಲವೂ ಇದ್ದವು. ಐವತ್ತು ಸಲ ಬಂದುಹೋದ ಮನೆಯನ್ನು ಅಂದು ಕಂಡೆವು.

ಅದರ ದುಃಸ್ಥಿತಿಯನ್ನೂ ಕಂಡೆವು. ಕಡಲಿನ ಉಪ್ಪುಗಾಳಿಯೂ ಮಳೆಗಾಲದ ತೇವವೂ ಕಾಂಕ್ರೀಟಿನೊಳಗಿನ ಸರಳನ್ನು ಮುಟ್ಟಿದರೆ ಅದು ತುಕ್ಕುಹಿಡಿದು ಉಬ್ಬುತ್ತದೆ. ಉಬ್ಬಿದ ಸರಳು ಮೇಲಿನ ಹೊದಿಕೆಯನ್ನು ಒಡೆದು ಉದುರಿಸುತ್ತದೆ. 1947ರ ಬಾಡಿಗೆ ನಿಯಂತ್ರಣದ ಕಾಯಿದೆಯಿಂದ ಬಾಡಿಗೆಗಳು ಹಳೆಯ ಮಟ್ಟದಲ್ಲಿಯೇ ನಿಂತುದರಿಂದ ಬಾಡಿಗೆದಾರರಿಗೆ ನೆಲೆ ದೊರೆತರೂ, ರಿಪೇರಿಗೆ ಹಣ ಹಾಕುವವರಿಲ್ಲದಂತಾಯಿತು. ಮಾವನವರ ಅಡಿಗೆಮನೆಯ ಛತ್ತಿನಿಂದ ಹೋದ ಮಳೆಗಾಲದಲ್ಲಿ ಒಂದು ಹೆಂಟೆ ಮಾಮಿಯವರ ಪಕ್ಕದಲ್ಲಿಯೇ ಬಿದ್ದಿತ್ತಂತೆ. ಎಂಬತ್ತರ ವಯಸ್ಸಿನಲ್ಲಿ ಲಿಫ್ಟಿಲ್ಲದ ಮೂರು ಅಂತಸ್ತನ್ನು ಹತ್ತುವವರಿಗೆ, “ಹಳೆಯದನ್ನು ಉಳಿಸಿಕೊಳ್ಳಿ” ಎಂದು ಎರಡು ದಿನದ ಅತಿಥಿಗಳಾದ ನಾವು ಉಪದೇಶಿಸುವುದು ಸರಿಯಲ್ಲವೆಂದು ಬಾಯಿ ಮುಚ್ಚಿಕೊಂಡೆವು.

ನುಡಿದ ದಿನಕ್ಕೆ ಸರಿಯಾಗಿ ಚೋರ ಬಜಾರದ ವ್ಯಾಪಾರಿ ಬಂದನು. ಜೊತೆಗೆ ನರೆತ ಗಡ್ಡದ ಬಡಗಿಯೊಬ್ಬನಿದ್ದನು. ವ್ಯಾಪಾರಿಯು ಒಂದು ಬೆಲೆ ಹೇಳಿದನು, ಮಾವನವರು ಮಾತಾಡಲಿಲ್ಲ. ಬಡಗಿಯು ಮಾತ್ರ ಬೆಲೆಯ ಗೊಡವೆಗೆ ಹೋಗದೆ ಕಪಾಟಿನ ಹೆಗಲನ್ನು ಅಂಗೈಯಿಂದ ಸವರಿ, ಬಾಗಿಲು ತೆರೆದು ಮೂಸಿ ನೋಡಿ, ಇದು ಬರ್ಮಾದ ಸಾಗವಾನಿಯೆಂದನು. ಇರಬಹುದು, 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ಆ ಮರ ಬರುವುದು ನಿಂತುಹೋಯಿತು. ದುಂಡುಮೂಲೆಯು ಒಂದೇ ತುಂಡಲ್ಲ, ಎರಡು ಬೆರಳಗಲದ ಪಟ್ಟಿಗಳನ್ನು ಪೀಪಾಯಿಯಂತೆ ಜೋಡಿಸಿ, ಮೇಲೆ ಹತ್ತರಿ ಹಿಡಿದು, ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮೆರುಗು ಕೊಟ್ಟದ್ದು ಎಂದು ತೋರಿಸಿದನು.

“ಇಷ್ಟು ದೊಡ್ಡದನ್ನು ಹೇಗೆ ಇಳಿಸುವಿರಿ?” ಎಂದು ನಾವು ಹಿಂದಿಯಲ್ಲಿ ಕೇಳಿದೆವು.

ಅವನು ನಕ್ಕು, ಕಪಾಟಿನೊಳಗೆ ಕೈಯಿಟ್ಟು, ಮೇಲ್ಮೂಲೆಯಲ್ಲಿದ್ದ ಮರದ ಬೆಣೆಯೊಂದನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಿದನು. ಬೆಣೆ ಜಾರಿ ಕೈಗೆ ಬಂದಿತು. ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು ಎಂಟು ಬೆಣೆಗಳು. ಅವನ್ನು ತೆಗೆದರೆ ತಲೆ, ಪೀಠ, ಎರಡು ಪಕ್ಕ, ಬೆನ್ನು, ಎರಡು ಬಾಗಿಲು ಎಂದು ಏಳು ಭಾಗಗಳಾಗಿ ಬಿಚ್ಚಿಕೊಳ್ಳುವುದೆಂದನು. ಬಾಡಿಗೆಯ ಮನೆಗಳಲ್ಲಿರುವವರು ಇಂದಲ್ಲ ನಾಳೆ ಮನೆ ಬದಲಿಸುವರೆಂದು ಬಲ್ಲ ಬಡಗಿಯು ಹಾಗೆಯೇ ಮಾಡಿದ್ದನು. ಒಂದೊಂದು ಸಂದಿನ ಎರಡೂ ಬದಿಗೆ ಒಂದೇ ಗುಜರಾತಿ ಅಂಕಿಯನ್ನು ಉಳಿಯಿಂದ ಕೊರೆದಿದ್ದನು. ಎಂಬತ್ತು ವರ್ಷಗಳಿಂದ ಆ ಮನೆಯಲ್ಲಿದ್ದವರು ಯಾರೂ ಅದನ್ನು ಕಂಡಿರಲಿಲ್ಲ.

ಮಾವನವರು ಬೆಣೆಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ನಮ್ಮ ಮನೆಯವರ ಕಡೆಗೆ ತಿರುಗಿ, “ಧಾರವಾಡದಾಗ ನಿಮ್ಮ ನಡುಮನಿ ದೊಡ್ಡದದ ಅಲ್ಲೇನವಾ?” ಎಂದರು.

“ಅದರೀ ಮಾಮಾ. ಕಿಡಕಿ ಎದುರಿಗೆ ಜಾಗಾನೂ ಅದ” ಎಂದು ಅವರು ಹೇಳಿದರು.

ವ್ಯಾಪಾರಿಗೆ ಬಂದ ದಾರಿಗೆ ಸುಂಕವಿಲ್ಲವೆಂಬಂತಾಯಿತು. ಬಡಗಿಗೆ ದಿನಗೂಲಿ ಕೊಟ್ಟು ಕಪಾಟನ್ನು ಬಿಚ್ಚಿಸಿ, ಕನ್ನಡಿಗೆ ಮಾಮಿಯವರ ಎರಡು ಕೌದಿ ಸುತ್ತಿ, ಲಾರಿಯಲ್ಲಿ ಊರಿಗೆ ಕಳಿಸಿದೆವು. ಇಲ್ಲಿಯ ನಮ್ಮ ಬಡಿಗೇರರು ಗುಜರಾತಿ ಓದಲು ಬಲ್ಲವರಲ್ಲ. ಆದರೂ ಒಂದೇ ಗುರುತನ್ನು ಒಂದೇ ಗುರುತಿಗೆ ಕೂಡಿಸುತ್ತ ಒಂದು ತಾಸಿನೊಳಗೆ ನಿಲ್ಲಿಸಿಬಿಟ್ಟರು. ಕನ್ನಡಿಯ ಅಂಚಿನಲ್ಲಿ ಲೇಪವು ಅಲ್ಲಲ್ಲಿ ಮಾಸಿದೆ. ಹೊಸದು ಹಾಕಿಸೋಣವೆಂದರೆ ನಮ್ಮ ಮನೆಯವರು ಒಪ್ಪಲಿಲ್ಲ.

ಕಪಾಟನ್ನು ಬಿಚ್ಚಿ ಒಯ್ಯಬಹುದು. ಕಟ್ಟಡವನ್ನು ಒಯ್ಯಲು ಬೆಣೆಗಳಿಲ್ಲ. ಈ ಬೇಸಗೆಯಲ್ಲಿ ಮಾಟುಂಗದ ಆ ದುಂಡು ಗ್ಯಾಲರಿ ನೆಲಕ್ಕೆ ಬಿದ್ದಿತೆಂದು ಮಾವನವರು ತಿಳಿಸಿದರು. ಬಾಗಿಲ ಜಾಲರಿಯನ್ನಾದರೂ ಕೇಳಿ ಪಡೆಯಬೇಕಾಗಿತ್ತೆಂದು ನಾವು ಈಗ ಹಳಹಳಿಸುತ್ತೇವೆ. ವಾಚಕರಲ್ಲಿ ಯಾರಾದರೂ ಮುಂಬಯಿಗೆ ಹೋಗುವವರಿದ್ದರೆ ಓವಲ್ಲಿನ ಪಶ್ಚಿಮದ ಸಾಲನ್ನು ಬೆಳಗಿನ ಬಿಸಿಲಿನಲ್ಲಿ ನೋಡಲಿ. ಸಮಯವುಳಿದರೆ ಮಾಟುಂಗದ ಓಣಿಗಳಲ್ಲಿಯೂ ತಲೆಯೆತ್ತಿ ನಡೆಯಲಿ. ಮನೆಯಲ್ಲಿ ಅಜ್ಜನ ಕಾಲದ ದುಂಡುಮೂಲೆಯ ಕಪಾಟೋ ಕನ್ನಡಿಯ ಮೇಜೋ ಇದ್ದವರು ವ್ಯಾಪಾರಿಯನ್ನು ಕರೆಯುವ ಮೊದಲು ಅದರ ಒಳಮೂಲೆಗಳನ್ನೊಮ್ಮೆ ಕೈಯಾಡಿಸಿ ನೋಡಲಿ.